ವೀರಗಲ್ಲಿನಲ್ಲಿ ಜಾಗವಿಲ್ಲದ ಅಪ್ಪಂದಿರು

ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಒಂದು ಸಾವಿನ ಸುದ್ದಿಯಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂಬತ್ತನೆಯ ಶತಮಾನದ ಕೊನೆಯ ಭಾಗದ ಶಾಸನವೊಂದಿದೆ. ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಅದು ನೆನೆಯುತ್ತದೆ. ಅದಕ್ಕೂ ಹಿಂದೆ, ಸುಮಾರು 750ರಲ್ಲಿ, ಗಂಗರ ಶ್ರೀಪುರುಷನ ಕಾಲಕ್ಕೆ ಹೆಬ್ಬಾಳದ ನೆಲದಲ್ಲಿ ಕಾದಿ ಸತ್ತ ಕಿತ್ತಯ್ಯನ ಹೆಸರೂ ಕಲ್ಲಿನಲ್ಲಿ ಉಳಿದುಬಂದಿದೆ. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿದವರಿಗೆ ಅವುಗಳ ಕ್ರಮ ಗೊತ್ತು. ಕೆಳಗಿನ ಹಂತದಲ್ಲಿ ಕಾಳಗ, ನಡುವಿನಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಸತ್ತವನ ಕಥೆ ಅಲ್ಲಿಗೆ ಮುಗಿಯುತ್ತದೆ. ಅದೇ ಕಾಳಗದಿಂದ ಮನೆಗೆ ನಡೆದು ಬಂದವನಿಗೆ, ಬಂದು ಹೊಲ ಉತ್ತು, ಮಕ್ಕಳನ್ನು ಸಾಕಿ, ಮುಪ್ಪಿನಲ್ಲಿ ಹಾಸಿಗೆ ಹಿಡಿದು ಸತ್ತವನಿಗೆ ಆ ಕಲ್ಲಿನಲ್ಲಿ ಹಂತವಿಲ್ಲ.

ಸಾವಿರ ವರ್ಷ ಕಳೆದರೂ ಈ ಕ್ರಮ ಹೆಚ್ಚು ಬದಲಾಗಿಲ್ಲ. ಬ್ರಿಗೇಡ್ ರಸ್ತೆಯ ಕೂಡಿನಲ್ಲಿ ನಿಂತಿರುವ ಮದ್ರಾಸ್ ಪಯೊನಿಯರ್ಸ್ ಸ್ಮಾರಕ ಮಡಿದವರದು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕವೂ ಮಡಿದವರದು. ನೆಹರೂ ತಾರಾಲಯದ ಎದುರಿನ ಉದ್ಯಾನದಲ್ಲಿರುವ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ಒಂದೇ ಬಂಡೆಯ ದೊಡ್ಡ ವೀರಗಲ್ಲನ್ನೇ ತಂದು ನಿಲ್ಲಿಸಿದ್ದಾರೆ. ಅಲ್ಲಿ ಕಲ್ಲುಗಳ ಮೇಲೆ ಕೊರೆದ ಹೆಸರುಗಳೂ ಮಡಿದವರವೇ. ಇದರಲ್ಲಿ ತಪ್ಪೇನಿಲ್ಲ. ಪ್ರಾಣ ಕೊಟ್ಟವರಿಗೆ ಮೊದಲ ಜಾಗ ಸಲ್ಲಲೇಬೇಕು. ಆದರೆ ಬಹುತೇಕ ಯುದ್ಧಗಳಲ್ಲಿ ಮಡಿದವರಿಗಿಂತ ಮರಳಿದವರೇ ಹೆಚ್ಚು. ಆ ಹೆಚ್ಚಿನವರನ್ನು ನೆನೆಯುವ ಒಂದು ಕ್ರಮವನ್ನು ನಾವು ಇನ್ನೂ ಕಟ್ಟಿಕೊಂಡಿಲ್ಲ.

ನಾನಿಲ್ಲಿ ಹೇಳಹೊರಟಿರುವುದು ಇಷ್ಟು. ಯುದ್ಧದಿಂದ ಬದುಕಿ ಬಂದು ಸಂಸಾರ ನಡೆಸಿದ ಅಪ್ಪಂದಿರನ್ನು ನೆನೆಯುವುದು ಮನೆಯೊಳಗಿನ ದುಃಖವಷ್ಟೇ ಆಗಿ ಉಳಿಯಬಾರದು. ಅದು ಊರಿನ ಚರಿತ್ರೆಯ ಕೆಲಸವೂ ಹೌದು. ಹಾಗೆ ನೆನೆಯುವಾಗ ಸಮವಸ್ತ್ರದ ಮನುಷ್ಯನನ್ನು ಒಂದು ಕಡೆಗೂ ಮನೆಯ ಅಪ್ಪನನ್ನು ಇನ್ನೊಂದು ಕಡೆಗೂ ಸರಿಸಿಟ್ಟರೆ ಇಬ್ಬರನ್ನೂ ಕಳೆದುಕೊಳ್ಳುತ್ತೇವೆ. ನೌಕಾಪಡೆಯಲ್ಲಿ ದುಡಿದು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆ ನೆಲೆಸಿದವರ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ.

ಭೂಮಿಯ ಮೇಲೆ ಸತ್ತವನಿಗೆ ಕಲ್ಲು ನಿಲ್ಲಿಸಲು ಕೊನೆಗೊಂದು ಜಾಗವಾದರೂ ಇರುತ್ತದೆ. ಕಡಲಿನಲ್ಲಿ ಸತ್ತವನಿಗೆ ಅದೂ ಇಲ್ಲ. ಕಡಲ ಕಾಳಗವನ್ನು ಕಲ್ಲಿನಲ್ಲಿ ತೋರಿಸಿದ ಹಳೆಯ ಉದಾಹರಣೆಗಳು ಇಲ್ಲದಿಲ್ಲ. ಮುಂಬಯಿಯ ಬೋರಿವಲಿ ಬಳಿಯ ಎಕ್ಸರ್‌ನಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳ ಮೇಲೆ ಹುಟ್ಟುಗಳ ಸಾಲಿನ ಹಡಗುಗಳಿವೆ. ಗೋವೆಯ ಕದಂಬರ ಕಾಲದ ಕಲ್ಲುಗಳ ಮೇಲೂ ಹಡಗುಗಳಿವೆ. ಕದಂಬರ ಹೆಸರನ್ನೇ ಇಂದು ಕಾರವಾರದ ನೌಕಾನೆಲೆ ಹೊತ್ತಿದೆ. ಆದರೆ ಇಂಥವು ಬೆರಳೆಣಿಕೆಯವು. ಎರಡನೆಯ ಮಹಾಯುದ್ಧದಲ್ಲಿ ಕಡಲಿನ ಪಾಲಾದ ಅವಿಭಜಿತ ಭಾರತದ ನಾವಿಕರಲ್ಲಿ ರಾಯಲ್ ಇಂಡಿಯನ್ ನೇವಿಯ ಸುಮಾರು 400 ಮಂದಿ, ಸರಕು ಹಡಗುಗಳ ಸುಮಾರು 6,000 ಮಂದಿ ಇದ್ದರು. ಅವರ ಹೆಸರುಗಳನ್ನು ಪುಸ್ತಕದಲ್ಲಿ ಬರೆದು ಒಂದು ಪ್ರತಿಯನ್ನು ಮುಂಬಯಿಯಲ್ಲಿಯೂ ಇನ್ನೊಂದನ್ನು ಚಿತ್ತಗಾಂಗ್‌ನಲ್ಲಿಯೂ ಇಟ್ಟಿದ್ದಾರೆ. ಸಮಾಧಿಯ ಜಾಗದಲ್ಲಿ ಅವರಿಗಿರುವುದು ಆ ಪುಸ್ತಕದ ಒಂದೊಂದು ಸಾಲು.

1971ರ ಡಿಸೆಂಬರ್ 9ರ ರಾತ್ರಿ ದಿಯುವಿನಿಂದಾಚೆ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಹೊಡೆದ ಟಾರ್ಪಿಡೊಗೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಅದರೊಡನೆ ಹೋದರು. ತನ್ನ ಜೀವರಕ್ಷಕ ಜಾಕೆಟನ್ನು ನಾವಿಕನೊಬ್ಬನಿಗೆ ಕೊಟ್ಟು ಹಡಗಿನಲ್ಲೇ ಉಳಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರ ಹೆಸರು ದೇಶಕ್ಕೆ ಗೊತ್ತು. ಅದೇ ರಾತ್ರಿ ಬದುಕಿ ಉಳಿದ 67 ಮಂದಿ ಯಾರು, ಎಲ್ಲಿಗೆ ಮರಳಿದರು, ಮುಂದಿನ ಮೂವತ್ತು ನಲವತ್ತು ವರ್ಷ ಏನು ಮಾಡಿದರು ಎಂದು ಕೇಳಿದವರು ಕಡಿಮೆ. ಮೇಜರ್ ಜನರಲ್ ಇಯಾನ್ ಕಾರ್ಡೊಜೊ ಬದುಕುಳಿದವರ ಮಾತುಗಳನ್ನು ಕೂಡಿಸಿ ಪುಸ್ತಕ ಮಾಡಿದ್ದು 2006ರಲ್ಲಿ, ಹಡಗು ಮುಳುಗಿ ಮೂವತ್ತೈದು ವರ್ಷವಾದ ಮೇಲೆ. ಅಷ್ಟರಲ್ಲಿ ಎಷ್ಟು ಜನ ಏನೂ ಹೇಳದೆ ಹೋಗಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಬೆಂಗಳೂರಿಗೂ ನೌಕಾಪಡೆಗೂ ಏನು ನಂಟು ಎಂದು ಕೇಳುವವರಿದ್ದಾರೆ. ಊರು ಸಮುದ್ರಮಟ್ಟದಿಂದ ಒಂಬೈನೂರು ಮೀಟರು ಮೇಲಿದೆ. ಹತ್ತಿರದ ಕಡಲೆಂದರೂ ಒಂದು ರಾತ್ರಿಯ ಪ್ರಯಾಣ. ಆದರೆ 1809ರಲ್ಲಿ ಇಲ್ಲಿ ದಂಡು ಬಂದು ಕೂತಾಗಿನಿಂದ ಪಡೆಗೆ ಸೇರುವುದು ಈ ಭಾಗದ ಮನೆಗಳಿಗೆ ಹೊಸದಲ್ಲ. ಹಲಸೂರಿನ ಕೆರೆಯ ಮಗ್ಗುಲಲ್ಲೇ ಮದ್ರಾಸ್ ಸ್ಯಾಪರ್ಸ್ ಕೇಂದ್ರವಿದೆ. ಎರಡನೆಯ ಮಹಾಯುದ್ಧ ಶುರುವಾದಾಗ ರಾಯಲ್ ಇಂಡಿಯನ್ ನೇವಿಯಲ್ಲಿ ಇದ್ದವರು ಎರಡು ಸಾವಿರದಷ್ಟು. ಯುದ್ಧ ಮುಗಿಯುವಾಗ ಆ ಸಂಖ್ಯೆ ಇಪ್ಪತ್ತೈದು ಸಾವಿರ ಮೀರಿತ್ತು. ಕಡಲನ್ನೇ ಕಾಣದ ಒಳನಾಡಿನ ಹುಡುಗರು ಹೀಗೆ ಹಡಗು ಹತ್ತಿದರು. ಯುದ್ಧ ಬೆಂಗಳೂರಿಗೂ ಕಡಲಿನ ಸುದ್ದಿ ತಂದಿತ್ತು. ನೀರಿನ ಮೇಲಿಳಿಯುವ ಕಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿಳಿದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿ ಮಾಡಿಸಿಕೊಂಡು ಹೋಗುತ್ತಿದ್ದ ಕಾಲವದು.

ಸ್ವಾತಂತ್ರ್ಯದ ಮೇಲೆ ನಂಟು ಇನ್ನೂ ಬೆಳೆಯಿತು. 1957ರಲ್ಲಿ ನಮ್ಮ ಪಡೆಗೆ ಸೇರಿದ ಕ್ರೂಸರ್ ಹಡಗಿಗೆ ಮೈಸೂರು ಎಂದೇ ಹೆಸರಿಟ್ಟರು. ಗಂಡಭೇರುಂಡ ಅದರ ಲಾಂಛನವಾಯಿತು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ವೇಳೆ ಕಾರವಾರದೆದುರಿನ ಅಂಜುದ್ವೀಪದ ಕಾರ್ಯಾಚರಣೆಯಲ್ಲಿ ತ್ರಿಶೂಲ್ ಹಡಗಿನ ಜೊತೆ ಇದ್ದದ್ದು ಅದೇ ಐಎನ್‌ಎಸ್ ಮೈಸೂರು. ಏಳು ಮಂದಿ ನೌಕಾಪಡೆಯವರು ಅಲ್ಲಿ ಪ್ರಾಣ ಕೊಟ್ಟರು. 1971ರಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗೂ ಅದೇ. ಸೇವೆ ಮುಗಿಸಿದ ನಾವಿಕರು ಬೆಂಗಳೂರಿನ ಪೂರ್ವಕ್ಕೆ ಬಂದು ನೆಲೆಸಲು ಕಾರಣಗಳಿದ್ದವು. ಹವೆ ಹಿತವಾಗಿತ್ತು, ದಂಡಿನ ಶಾಲೆಗಳಿದ್ದವು, ಕಮಾಂಡ್ ಆಸ್ಪತ್ರೆ ಇತ್ತು, ಕ್ಯಾಂಟೀನ್ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ ಎರಡನೆಯ ಕೆಲಸ ಸಿಗುತ್ತಿತ್ತು. ನಾವಿಕ ಪೆನ್ಷನ್ ಪಡೆದು ಹೊರಬರುವಾಗ ಬಹಳ ಸಲ ನಲವತ್ತು ಕೂಡ ದಾಟಿರುವುದಿಲ್ಲ. ಮಕ್ಕಳು ಆಗಿನ್ನೂ ಪ್ರೈಮರಿಯಲ್ಲಿ ಇರುತ್ತಾರೆ. ಎಚ್‌ಎಎಲ್, 1948ರಿಂದ ದೂರವಾಣಿನಗರದಲ್ಲಿದ್ದ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಂಥ ಕಾರ್ಖಾನೆಗಳಿಗೆ ಇಂಜಿನ್ ಗೊತ್ತಿದ್ದವರು, ವಿದ್ಯುತ್ ಗೊತ್ತಿದ್ದವರು, ರೇಡಿಯೊ ಗೊತ್ತಿದ್ದವರು ಬೇಕಾಗಿದ್ದರು. ಕೆಲಸಕ್ಕೆ ತಕ್ಕಂತೆ ಮನೆ: ಕೆಲವರಿಗೆ ಇಂದಿರಾನಗರದ ಡಿಫೆನ್ಸ್ ಕಾಲೊನಿಯ ಸೈಟು, ಕೆಲವರಿಗೆ ಹಲಸೂರಿನ ವಠಾರ, ಇನ್ನು ಕೆಲವರಿಗೆ ಹಳೆ ಮದ್ರಾಸು ರಸ್ತೆಯ ಆಚೀಚಿನ ಹಳ್ಳಿಗಳಲ್ಲಿ ಸಾಲ ಮಾಡಿ ಕಟ್ಟಿದ ಎರಡು ಕೋಣೆ.

ಇಂಥವರಲ್ಲಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. 1971ರಲ್ಲಿ ಐಎನ್‌ಎಸ್ ವಿಕ್ರಾಂತ್‌ನ ಬಾಯ್ಲರ್ ಕೋಣೆಯಲ್ಲಿದ್ದ ನಾವಿಕ ಎನ್ನೋಣ. ಬಾಯ್ಲರ್ ಕೋಣೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಆ ಯುದ್ಧದ ಹೊತ್ತಿಗೆ ವಿಕ್ರಾಂತ್‌ನ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಮೂರೇ ಬಾಯ್ಲರುಗಳಲ್ಲಿ ಅದು ಬಂಗಾಳ ಕೊಲ್ಲಿಗೆ ಹೋಗಬೇಕಾಯಿತು. ವಿಮಾನವಾಹಕ ಹಡಗಿಗೆ ವೇಗ ತಗ್ಗಿದರೆ ತೊಂದರೆ ಪ್ರಯಾಣದ್ದಷ್ಟೇ ಆಗಿರುವುದಿಲ್ಲ. ಡೆಕ್ಕಿನ ಮೇಲೆ ಎದುರುಗಾಳಿ ಸಾಕಷ್ಟು ಇಲ್ಲದಿದ್ದರೆ ವಿಮಾನ ಮೇಲೇಳಲಾರದು, ವಿಮಾನವನ್ನು ಚಿಮ್ಮಿಸುವ ಯಂತ್ರಕ್ಕೂ ಹಬೆಯೇ ಬೇಕು. ಆ ಮೂರು ಬಾಯ್ಲರುಗಳ ಹಬೆ ನಂಬಿಕೊಂಡೇ ಡಿಸೆಂಬರ್ 4ರಿಂದ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿಗೆ ಏರಿದವು. ಪೈಲಟ್ಟುಗಳ ಹೆಸರು ಚರಿತ್ರೆಯಲ್ಲಿದೆ, ಇರಲೇಬೇಕು. ಕೆಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಕಬ್ಬಿಣ ಮುಟ್ಟಿದರೆ ಕೈ ಸುಡುವ ಸೆಕೆಯಲ್ಲಿ ಒತ್ತಡದ ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತವರ ಹೆಸರು ಎಷ್ಟು ಮಂದಿಗೆ ಗೊತ್ತು? ವಿಕ್ರಾಂತ್‌ನ್ನು ಹುಡುಕಿ ಬಂದ ಪಾಕಿಸ್ತಾನದ ಗಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಬಳಿ ಮುಳುಗಿತು. ಆದರೆ ಟಾರ್ಪಿಡೊ ಬಡಿದಿದ್ದರೆ ಹೊರಗೆ ಬರಲು ಎಲ್ಲರಿಗಿಂತ ಕಷ್ಟವಾಗುತ್ತಿದ್ದುದು ಹಡಗಿನ ಹೊಟ್ಟೆಯಲ್ಲಿದ್ದ ಇವರಿಗೆ. ಅವರಿಗೆ ಇದು ಗೊತ್ತಿತ್ತು, ಗೊತ್ತಿದ್ದೂ ಪಾಳಿಯ ಮೇಲೆ ಪಾಳಿ ಇಳಿಯುತ್ತಿದ್ದರು.

ಈಗ ಅದೇ ಮನುಷ್ಯನನ್ನು ಹತ್ತು ವರ್ಷಗಳಾಚೆ ದೂರವಾಣಿನಗರದ ಬಸ್ ಸ್ಟಾಪಿನಲ್ಲಿ ನೋಡಿ. ಟಿಫಿನ್ ಕ್ಯಾರಿಯರ್ ಹಿಡಿದು ಮೊದಲ ಶಿಫ್ಟಿಗೆ ನಿಂತಿದ್ದಾನೆ. ಮಕ್ಕಳಿಗೆ ಅವನು ಕಾರ್ಖಾನೆಗೆ ಹೋಗುವ ಅಪ್ಪ. ಸ್ನಾನಕ್ಕೆ ಅರ್ಧ ಬಕೆಟ್ ಸಾಕೆನ್ನುವ, ನಲ್ಲಿ ತೊಟ್ಟಿಕ್ಕಿದರೆ ನಡುರಾತ್ರಿಯಲ್ಲಿಯೂ ಎದ್ದು ತಿರುಗಿಸಿ ಬರುವ, ಬಟ್ಟೆಯನ್ನು ಒಂದೇ ಅಳತೆಗೆ ಮಡಿಸುವ, ಮನೆ ಬಿಡುವ ಮುಂಚೆ ಗ್ಯಾಸು ಸ್ಟೌವಿನ ಗುಬುಟನ್ನು ಮುಟ್ಟಿ ನೋಡುವ ಅಪ್ಪ. ಮಕ್ಕಳು ಇದನ್ನು ಅಪ್ಪನ ಸ್ವಭಾವವೆಂದುಕೊಳ್ಳುತ್ತಾರೆ, ಕೆಲವೊಮ್ಮೆ ಕಾಟವೆಂದೂ ಅಂದುಕೊಳ್ಳುತ್ತಾರೆ. ಹಡಗಿನಲ್ಲಿ ಸಿಹಿನೀರು ಅಳೆದು ಕೊಡುವ ವಸ್ತು, ತೆರೆದಿಟ್ಟ ಒಂದು ಕವಾಟ ನೂರಾರು ಜನರ ಜೀವಕ್ಕೆ ಸಂಚಕಾರ ಎಂಬುದು ತಿಳಿದರೆ ಆ ಅರ್ಧ ಬಕೆಟ್ಟಿಗೂ ಆ ಗುಬುಟಿಗೂ ಬೇರೆಯೇ ಅರ್ಥ ಬರುತ್ತದೆ. ಅವನು ಯುದ್ಧದ ವೃತ್ತಿಯನ್ನು ಬಿಟ್ಟು ಸಂಸಾರಿಯಾದವನಲ್ಲ. ಎಲ್ಲರ ಜೀವವೂ ತನ್ನ ಎಚ್ಚರದ ಮೇಲೆ ನಿಂತಿದೆ ಎಂದು ಕಲಿತದ್ದನ್ನೇ ಮನೆಗೂ ತಂದವನು. ಆದ್ದರಿಂದಲೇ ಸೈನಿಕನನ್ನು ಅಪ್ಪನಿಂದ ಬೇರ್ಪಡಿಸಬಾರದು ಎನ್ನುತ್ತೇನೆ. ಬೇರ್ಪಡಿಸಿದರೆ ಅಪ್ಪನ ಪ್ರೀತಿಯ ಭಾಷೆಯೇ ನಮಗೆ ಅರ್ಥವಾಗದೆ ಹೋಗುತ್ತದೆ.

ಸಾಮಾನ್ಯವಾಗಿ ನಾವು ಇಂಥ ಅಪ್ಪಂದಿರನ್ನು ನೆನೆಯುವುದು ಎರಡು ಬಗೆಯಲ್ಲಿ. ಒಂದು, ಪದಕಗಳ ಬಗೆ. ಷೋಕೇಸಿನಲ್ಲಿ ಪೂರ್ವಿ ಸ್ಟಾರ್, ಸಂಗ್ರಾಮ್ ಪದಕ, ಕೆಳಗೆ ಬಿಳಿ ಸಮವಸ್ತ್ರದ ಫೋಟೊ, ಡಿಸೆಂಬರ್ 4ರ ನೌಕಾದಿನಕ್ಕೆ ಒಂದು ವಾಟ್ಸಾಪ್ ಸಂದೇಶ. ಇನ್ನೊಂದು, ಹಾರದ ಬಗೆ. ಗಂಧದ ಹಾರ ಹಾಕಿದ ಫೋಟೊ, ವರ್ಷಕ್ಕೊಮ್ಮೆ ತಿಥಿ ಅಥವಾ ಪೂಜೆ ಅಥವಾ ಸಮಾಧಿಗೆ ಹೂವು, ಬಹಳ ಒಳ್ಳೆಯವರಾಗಿದ್ದರು ಎಂಬ ಒಂದು ಮಾತು. ಎರಡೂ ಪ್ರೀತಿಯಿಂದಲೇ ಬರುತ್ತವೆ. ಎರಡರಲ್ಲಿಯೂ ಮನುಷ್ಯ ಕಾಣೆಯಾಗುತ್ತಾನೆ. ಪದಕಗಳ ಬಗೆ ಅವನನ್ನು ಎಲ್ಲ ಯೋಧರಂತೆ ಮಾಡುತ್ತದೆ, ಹಾರದ ಬಗೆ ಎಲ್ಲ ಅಪ್ಪಂದಿರಂತೆ ಮಾಡುತ್ತದೆ. ಅವನೊಬ್ಬನಿಗೇ ಸೇರಿದ್ದ ವರ್ಷಗಳು, ಭಯಗಳು, ನಂಬಿಕೆಗಳು ಎರಡರಲ್ಲಿಯೂ ಉಳಿಯುವುದಿಲ್ಲ.

ಕ್ಯಾಪ್ಟನ್ ಮುಲ್ಲಾ ಅವರ ಮಗಳು ಅಮೀತಾ ಮುಲ್ಲಾ ವಟ್ಟಲ್ ದೆಹಲಿಯಲ್ಲಿ ಶಾಲೆಯೊಂದರ ಪ್ರಾಂಶುಪಾಲರಾಗಿ ಹೆಸರು ಮಾಡಿದವರು. ದೇಶವೆಲ್ಲ ತನ್ನದೆಂದುಕೊಂಡ ವೀರನ ವಿಷಯವಾಗಿ ಅವರು ಮಗಳಾಗಿ ಸಾರ್ವಜನಿಕವಾಗಿ ಮಾತಾಡಿದ್ದಾರೆ. ದೇಶದ ವೀರ ಮನೆಯ ಅಪ್ಪನೂ ಆಗಿದ್ದ ಎಂದು ನೆನಪಿಸುವ ಹಕ್ಕು ಮಕ್ಕಳಿಗೆ ಇದೆ. ಮಹಾವೀರ ಚಕ್ರ ಪಡೆದವರ ಮಗಳಿಗೆ ವೇದಿಕೆ ಸಿಗುತ್ತದೆ. ಚಕ್ರ ಸಿಗದ, ಬದುಕಿ ಬಂದ, ಕಾರ್ಖಾನೆಯ ಪಾಳಿಯಲ್ಲಿ ತಲೆ ನರೆತ ಅಪ್ಪನ ಮಕ್ಕಳಿಗೂ ಅದೇ ಹಕ್ಕಿದೆ. ವೇದಿಕೆಯನ್ನು ಅವರೇ ಕಟ್ಟಿಕೊಳ್ಳಬೇಕಾಗಿದೆ, ಅಷ್ಟೇ.

ಸಂಸಾರಸ್ಥ ಎಂದು ಅಪ್ಪನನ್ನು ಹೊಗಳುವಾಗ ಒಂದು ಲೆಕ್ಕವನ್ನು ಮರೆಯಬಾರದು. ನೌಕಾಪಡೆಯಲ್ಲಿದ್ದಷ್ಟು ಕಾಲ ಸಂಸಾರ ನಡೆಸಿದ್ದು ಅಮ್ಮ. ವರ್ಷಕ್ಕೆ ಒಂದೆರಡು ತಿಂಗಳ ರಜೆಯ ಅಪ್ಪನನ್ನು ಉಳಿದ ತಿಂಗಳುಗಳಲ್ಲಿ ಮಕ್ಕಳಿಗೆ ಅಪ್ಪನಾಗಿ ಉಳಿಸಿದ್ದೂ ಅಮ್ಮನೇ. ಹಡಗು ಎಲ್ಲಿದೆಯೆಂದು ಅವಳಿಗೆ ಹೇಳುವವರಿರಲಿಲ್ಲ. ವಿಳಾಸವೆಂದರೆ ಹಡಗಿನ ಹೆಸರು, ಕೆಳಗೆ ಫ್ಲೀಟ್ ಮೇಲ್ ಆಫೀಸ್, ಬಾಂಬೆ. ಬರೆದ ಕಾಗದ ಯಾವ ಬಂದರಿನಲ್ಲಿ, ಯಾವ ವಾರ ಅವನ ಕೈ ಸೇರುತ್ತದೋ ಗೊತ್ತಿಲ್ಲ. 1971ರ ಡಿಸೆಂಬರಿನಲ್ಲಿ ಖುಕ್ರಿ ಮುಳುಗಿದ ಸುದ್ದಿ ಬಂದಾಗ ನೌಕಾಪಡೆಯವರಿದ್ದ ಎಲ್ಲ ಮನೆಗಳಲ್ಲಿಯೂ ರೇಡಿಯೊದ ಮುಂದೆ ಯಾರು ಕೂತಿದ್ದರು ಎಂದು ಬೇರೆ ಹೇಳಬೇಕಿಲ್ಲ. ರೇಷನ್ ಅಂಗಡಿಯ ಸಾಲು, ಶಾಲೆಯ ಫೀಜು, ಮಾವನ ಕಾಯಿಲೆ, ನೆರೆಯವರ ಮಾತು ಎಲ್ಲವನ್ನೂ ನಿಭಾಯಿಸಿದ ಈ ಹೆಂಗಸರಿಗೆ ಯಾವ ಪದಕದ ರಿಬ್ಬನ್ನೂ ಇಲ್ಲ. ಅಪ್ಪನ ನೆನಪನ್ನು ಬರೆಯುವವರು ಅಮ್ಮನ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆಯಬೇಕು. ಇಲ್ಲದಿದ್ದರೆ ಬರೆದದ್ದು ಅರ್ಧ ಸತ್ಯವಾಗುತ್ತದೆ.

ಕಷ್ಟದ ಭಾಗಗಳನ್ನೂ ಬರೆಯಬೇಕು. ರಜೆಗೆ ಬಂದ ಅಪ್ಪನನ್ನು ಗುರುತು ಹಿಡಿಯದೆ ಅತ್ತ ಮಕ್ಕಳಿದ್ದಾರೆ. ಇಂಜಿನ್ ಕೋಣೆಯ ಸದ್ದಿನಿಂದ ಕಿವಿ ಮಂದವಾಗಿ, ಮನೆಯವರ ಮಾತು ಕೇಳಿಸದೆ, ಕೇಳಿಸದ್ದನ್ನು ಒಪ್ಪಿಕೊಳ್ಳದೆ ಸಿಡುಕಿದ ಅಪ್ಪಂದಿರಿದ್ದಾರೆ. ಸಂಜೆಯಾದರೆ ಕ್ಯಾಂಟೀನಿನ ರಮ್ಮಿನ ಬಾಟಲಿಯೊಡನೆ ಒಬ್ಬರೇ ಕೂತವರಿದ್ದಾರೆ. ಇದನ್ನೆಲ್ಲ ಮರೆಮಾಚುವುದು ಗೌರವವೆಂದು ನಮ್ಮಲ್ಲಿ ಒಂದು ನಂಬಿಕೆಯಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪೂರ್ತಿ ತಿಳಿದು ಪ್ರೀತಿಸುವುದಕ್ಕೆ ಹೆಚ್ಚು ಪ್ರೀತಿ ಬೇಕು, ಮಕ್ಕಳಲ್ಲಿ ಅಷ್ಟು ಪ್ರೀತಿ ಇದ್ದೇ ಇರುತ್ತದೆ.

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೂರೂ ತೂಕದವು.

ಮೊದಲನೆಯದು, ಅಪ್ಪನೇ ಬಾಯಿಬಿಡದೆ ಹೋದದ್ದನ್ನು ಮಕ್ಕಳು ಏಕೆ ಕೆದಕಬೇಕು ಎಂಬುದು. ಮೌನಕ್ಕೆ ಮರ್ಯಾದೆ ಸಲ್ಲಬೇಕು, ನಿಜ. ಆದರೆ ಎಲ್ಲ ಮೌನವೂ ಒಂದೇ ಅಲ್ಲ. 1946ರ ಫೆಬ್ರವರಿ 18ರಂದು ಬಾಂಬೆಯ ತಲ್ವಾರ್ ತರಬೇತಿ ಕೇಂದ್ರದಲ್ಲಿ ಕೆಟ್ಟ ಊಟ, ಅವಮಾನಗಳ ವಿರುದ್ಧ ಶುರುವಾದ ನಾವಿಕರ ಬಂಡಾಯ ಕೆಲವೇ ದಿನಗಳಲ್ಲಿ 78 ಹಡಗುಗಳಿಗೆ, 20 ನೆಲೆಗಳಿಗೆ, ಸುಮಾರು 20,000 ನಾವಿಕರಿಗೆ ಹಬ್ಬಿತು. ರಾಜಕೀಯ ನಾಯಕರ ಮಾತು ನಂಬಿ ಅವರು ಶರಣಾದರು. ಕೆಲಸ ಕಳೆದುಕೊಂಡವರನ್ನು ಸ್ವತಂತ್ರ ಭಾರತದ ನೌಕಾಪಡೆಯೂ ಮರಳಿ ಸೇರಿಸಿಕೊಳ್ಳಲಿಲ್ಲ. ಮಹಾಯುದ್ಧದಲ್ಲಿ ದುಡಿದು, ಸ್ವಾತಂತ್ರ್ಯಕ್ಕಾಗಿ ಎದ್ದುನಿಂತು, ಬರಿಗೈಯಲ್ಲಿ ಊರಿಗೆ ಮರಳಿದ ಮನುಷ್ಯ ಮಕ್ಕಳೆದುರು ಸುಮ್ಮನಿದ್ದರೆ ಅದನ್ನು ಅವನ ಆಯ್ಕೆಯ ಮೌನ ಎನ್ನಲಾದೀತೆ? ಅದು ಅವನ ಮೇಲೆ ಹೇರಿದ ಮೌನ. ಇನ್ನು ಬಹಳ ಮಂದಿ ಸುಮ್ಮನಿದ್ದದ್ದು ಕೇಳುವವರಿಲ್ಲದೆ. ಕೇಳಿದ ಮೇಲೂ ಅಪ್ಪ ಬೇಡವೆಂದರೆ ಅಲ್ಲಿಗೆ ಬಿಡಬೇಕು. ಒಮ್ಮೆಯಾದರೂ ಕೇಳದೆ ಬಿಟ್ಟರೆ ಅದು ಗೌರವವಾಗುವುದಿಲ್ಲ, ಉದಾಸೀನವಾಗುತ್ತದೆ.

ಎರಡನೆಯದು, ನೆನಪನ್ನು ನಂಬುವುದು ಹೇಗೆ ಎಂಬುದು. ವರ್ಷ ಕಳೆದಂತೆ ಅಲೆ ಎತ್ತರವಾಗುತ್ತದೆ, ಬಿರುಗಾಳಿ ಜೋರಾಗುತ್ತದೆ. ಅದಕ್ಕೆ ಉಪಾಯವಿದೆ. ಅಪ್ಪ ಹೇಳಿದ್ದು, ಅಮ್ಮ ಹೇಳಿದ್ದು, ಕಾಗದದಲ್ಲಿರುವುದು ಇವನ್ನು ಬೇರೆಬೇರೆಯಾಗಿ ಬರೆದಿಟ್ಟರಾಯಿತು. ಬಿಡುಗಡೆಯ ಸಮಯದಲ್ಲಿ ಕೊಟ್ಟ ಸೇವಾ ಪುಸ್ತಕದಲ್ಲಿ ಹಡಗುಗಳ ಹೆಸರೂ ತಾರೀಕೂ ಇರುತ್ತವೆ. ಪದಕಗಳೂ ಸುಳಿವು ಕೊಡುತ್ತವೆ. ಪೂರ್ವಿ ಸ್ಟಾರ್ ಇದ್ದರೆ 1971ರಲ್ಲಿ ಪೂರ್ವದ ರಂಗ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದ್ದು. ಮಹಾಯುದ್ಧದವರಾದರೆ ಬರ್ಮಾ ಸ್ಟಾರ್ ಇರಬಹುದು. ವೈಸ್ ಅಡ್ಮಿರಲ್ ಹಿರಾನಂದಾನಿ ಬರೆದಿರುವ ನೌಕಾಪಡೆಯ ಅಧಿಕೃತ ಚರಿತ್ರೆಯಲ್ಲಿ 1965ರಿಂದ 75ರವರೆಗಿನ ಸಂಗತಿಗಳಿವೆ, ಅದರೊಡನೆ ಹೋಲಿಸಿ ನೋಡಬಹುದು. ಹೋಲಿಸಿದಾಗ ಅಪ್ಪನ ತಾರೀಕು ತಪ್ಪಿದ್ದೂ ಗೊತ್ತಾಗಬಹುದು. ತಾರೀಕು ತಪ್ಪಿದರೂ ಸೆಕೆಯ ನೆನಪು, ಜೊತೆಗಾರನ ನೆನಪು ತಪ್ಪಿರಬೇಕೆಂದಿಲ್ಲ. ಅಧಿಕೃತ ಚರಿತ್ರೆಯಲ್ಲಿ ಇರದಿರುವುದೂ ಅದೇ.

ಮೂರನೆಯದು, ಇದರಿಂದ ಯುದ್ಧದ ವೈಭವೀಕರಣವಾಗುತ್ತದೆ ಎಂಬ ಆತಂಕ. ನನಗೆ ತೋರುವುದು ಇದಕ್ಕೆ ಉಲ್ಟಾ. ಯುದ್ಧವನ್ನು ವೈಭವವೆಂದು ಹಾಡುವವರು ಹೆಚ್ಚಾಗಿ ಅಲ್ಲಿಗೆ ಹೋಗಿಬಂದವರಲ್ಲ. ಹೋಗಿಬಂದವರ ಮಾತು ಯಾವಾಗಲೂ ಊಟ, ನಿದ್ದೆ, ನೀರು, ಭಯ, ಸತ್ತ ಗೆಳೆಯರ ಸುತ್ತ ಸುತ್ತುತ್ತದೆ. ಗಾಜಿಯೊಡನೆ ಮುಳುಗಿದ 93 ಮಂದಿಗೂ ಮನೆಗಳಿದ್ದವು, ಕಾಯುವ ಮಕ್ಕಳಿದ್ದರು. ಎದುರಾಳಿ ಹಡಗಿನ ಇಂಜಿನ್ ಕೋಣೆಯಲ್ಲಿದ್ದವನ ಪಾಡೇನೆಂದು ಈ ಕಡೆಯ ಬಾಯ್ಲರ್ ಕೋಣೆಯವನಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಾರದು. ಮರಳಿ ಬಂದ ಅಪ್ಪಂದಿರ ಮಾತನ್ನು ಊರು ಕೇಳಿಸಿಕೊಂಡರೆ ಯುದ್ಧದ ಮಾತಿಗೆ ಬೆಲೆ ಎಷ್ಟೆಂಬ ತಿಳಿವಳಿಕೆಯೂ ಬರುತ್ತದೆ.

ಇದರಲ್ಲಿ ಕನ್ನಡದ ಪಾಲು ಏನು ಎಂಬ ಪ್ರಶ್ನೆಯೂ ಇದೆ. ದಂಡಿನ ಮನೆಗಳಲ್ಲಿ ತಮಿಳಿದೆ, ದಖನಿ ಇದೆ, ತೆಲುಗು ಇದೆ, ಆಂಗ್ಲೊ ಇಂಡಿಯನ್ ಮನೆಗಳ ಇಂಗ್ಲಿಷಿದೆ. 1949ರಲ್ಲಿ ದಂಡೂ ಪೇಟೆಯೂ ಒಂದೇ ಪಾಲಿಕೆಯಾದವು. ಕನ್ನಡದ ಪುಸ್ತಕಗಳಲ್ಲಿ ಮಾತ್ರ ಅವು ಇನ್ನೂ ಒಂದಾಗಿಲ್ಲ. ನಮ್ಮ ಬೆಂಗಳೂರು ಎಂದು ಬರೆಯುವಾಗ ಬಸವನಗುಡಿ, ಮಲ್ಲೇಶ್ವರ, ಚಿಕ್ಕಪೇಟೆಗಳು ಬರುತ್ತವೆ. ಶಿವಾಜಿನಗರದ ಬಸಿಲಿಕದ ಹಿಂದಿನ ಬೀದಿಗಳೂ ಹಲಸೂರಿನ ವಠಾರಗಳೂ ಕೆ.ಆರ್. ಪುರದ ಕಾರ್ಮಿಕರ ಬಡಾವಣೆಗಳೂ ಅಪರೂಪಕ್ಕೆ ಬರುತ್ತವೆ. ಮಹಾಯುದ್ಧದಲ್ಲಿ ನಾವಿಕನಾಗಿದ್ದ ತಮಿಳು ಕ್ರೈಸ್ತ ಅಪ್ಪನ ಕಥೆಯನ್ನು, 1971ರಲ್ಲಿ ರೇಡಿಯೊ ಆಪರೇಟರ್ ಆಗಿದ್ದ ದಖನಿ ಮಾತಿನ ಅಪ್ಪನ ಕಥೆಯನ್ನು ಅವರ ಮಕ್ಕಳು, ಮೊಮ್ಮಕ್ಕಳು ಕನ್ನಡದಲ್ಲಿ ಬರೆಯುವಂತಾದರೆ ಈ ಊರಿನ ಕನ್ನಡ ದೊಡ್ಡದಾಗುತ್ತದೆ. ಆ ಮೊಮ್ಮಕ್ಕಳು ಶಾಲೆಯಲ್ಲಿ ಕನ್ನಡ ಕಲಿತಿದ್ದಾರೆ. ಬರೆಯಿರಿ ಎಂದು ಅವರಿಗೆ ಹೇಳುವವರು ಬೇಕಾಗಿದ್ದಾರೆ.

ಇಂಥ ಕೆಲಸ ಬೇರೆ ಕಡೆ ನಡೆದಿದೆ. ಅಮೆರಿಕದ ಸಂಸತ್ತು 2000ದಲ್ಲಿ ಕಾಯ್ದೆ ಮಾಡಿ ತನ್ನ ಗ್ರಂಥಾಲಯದಲ್ಲಿ ಮಾಜಿ ಸೈನಿಕರ ನೆನಪುಗಳನ್ನು ಅವರದೇ ದನಿಯಲ್ಲಿ ಕೂಡಿಡುವ ಯೋಜನೆ ಶುರುಮಾಡಿತು. ಬ್ರಿಟನ್ನಿನಲ್ಲಿ ಬಿಬಿಸಿ 2003ರಿಂದ 2006ರವರೆಗೆ ಸಾಮಾನ್ಯ ಜನರ ಮಹಾಯುದ್ಧದ ನೆನಪುಗಳನ್ನು ಕರೆದಾಗ 47,000 ಬರಹಗಳು ಬಂದವು. ದೇಶ ವಿಭಜನೆಯನ್ನು ಕಂಡವರ ಮಾತುಗಳನ್ನು ಸ್ವಯಂಸೇವಕರು ಊರೂರು ತಿರುಗಿ ದಾಖಲಿಸುತ್ತಿರುವುದು ನಮ್ಮ ಕಣ್ಣೆದುರಿಗೇ ಇದೆ. ಬೆಂಗಳೂರಿನಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ರೆಸಿಡೆನ್ಸಿ ರಸ್ತೆಯ ಕಾರಿಯಪ್ಪ ಭವನದಲ್ಲಿ ಸೈನಿಕ ಕಲ್ಯಾಣ ಇಲಾಖೆಯಿದೆ, ಪೆನ್ಷನ್ನಿನ ಕಾಗದಕ್ಕೆ ಬರುವ ಹಿರಿಯರು ಅಲ್ಲಿಗೆ ಬಂದೇ ಬರುತ್ತಾರೆ. ಅಲ್ಲೊಂದು ಶಾಂತವಾದ ಕೋಣೆ, ಒಂದು ರೆಕಾರ್ಡರ್, ಕೇಳುವ ತಾಳ್ಮೆಯಿರುವ ಒಬ್ಬ ವಿದ್ಯಾರ್ಥಿ ಇದ್ದರೆ ಸಾಕು. ಹಲಸೂರು, ಇಂದಿರಾನಗರಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಆ ಬಡಾವಣೆಯ ಹಿರಿಯರ ನೆನಪುಗಳಿಗೆಂದೇ ಒಂದು ಕಪಾಟು ಇಡಬಹುದು. ಇತಿಹಾಸ ಓದುವ ಕಾಲೇಜು ಮಕ್ಕಳಿಗೆ ಇದು ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಪಾಠ.

ಮನೆಯವರು ಇಲಾಖೆಗಾಗಿ ಕಾಯಬೇಕಿಲ್ಲ. ಹಡಗಿನ ವಿಷಯದಲ್ಲಾದ ಒಂದು ಮಾತು ಇಲ್ಲಿ ಪಾಠವಾಗಬೇಕು. 1961ರಿಂದ 1997ರವರೆಗೆ ದುಡಿದ ವಿಕ್ರಾಂತ್ ಕೆಲವು ಕಾಲ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಅದನ್ನು ಉಳಿಸಿಕೊಳ್ಳಲಾಗದೆ 2014ರಲ್ಲಿ ಒಡೆದರು. ಅದರ ಲೋಹದ ಒಂದು ಪಾಲು ಮೋಟಾರ್ ಸೈಕಲ್ಲುಗಳಾಗಿ ನಮ್ಮ ರಸ್ತೆಗಳಿಗೇ ಬಂತು. ಸಾವಿರಕ್ಕೂ ಹೆಚ್ಚು ಜನ ವಾಸಿಸಿದ್ದ ಅಷ್ಟು ದೊಡ್ಡ ಹಡಗೇ ಉಳಿಯಲಿಲ್ಲ. ಅದರ ಬಾಯ್ಲರ್ ಕೋಣೆ ಹೇಗಿತ್ತೆಂದು ಇನ್ನು ಹೇಳಬಲ್ಲವರು ಅಲ್ಲಿ ನಿಂತಿದ್ದವರು ಮಾತ್ರ. 1971ರಲ್ಲಿ ಇಪ್ಪತ್ತು ತುಂಬಿದ್ದವರಿಗೆ ಈಗ ಎಪ್ಪತ್ತರ ಮೇಲೆ ಹಲವು ವರ್ಷ. ಮಹಾಯುದ್ಧ ಮುಗಿದಾಗ ಹದಿನೆಂಟು ತುಂಬಿದ್ದವರು ಇದ್ದರೆ ನೂರರ ಹತ್ತಿರ. ಕೇಳುವುದಕ್ಕೆ ಇರುವ ಕಾಲ ಇಷ್ಟೇ.

ಅಪ್ಪ ಇದ್ದರೆ ಈ ಭಾನುವಾರ ಕೇಳಿ. ಯಾವ ಹಡಗು, ಯಾವ ಕೆಲಸ, ಪಕ್ಕದ ಹಾಸಿಗೆಯವನ ಹೆಸರೇನು, ಮೊದಲ ದಿನ ಏನನ್ನಿಸಿತು ಎಂದು ಚಿಕ್ಕ ಪ್ರಶ್ನೆಗಳಿಂದ ಶುರುಮಾಡಿ. ಯುದ್ಧದ ಬಗ್ಗೆ ಹೇಳಿ ಎಂದು ಒಮ್ಮೆಲೇ ಕೇಳಿದರೆ ಯಾರೂ ಹೇಳಲಾರರು. ಫೋನಿನಲ್ಲಿ ದನಿ ಹಿಡಿದಿಡಿ, ಸೇವಾ ಪುಸ್ತಕದ ಪ್ರತಿ ಪುಟದ ಚಿತ್ರ ತೆಗೆದಿಡಿ, ಫೋಟೊಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಅಪ್ಪ ಹೋಗಿದ್ದರೆ ಅಮ್ಮನನ್ನು ಕೇಳಿ. ಆ ವರ್ಷಗಳನ್ನು ದಡದಲ್ಲಿ ನಿಂತು ಬದುಕಿದವಳು ಅವಳು. ಹಡಗಿನಲ್ಲಿದ್ದವನಿಗೂ ಗೊತ್ತಿಲ್ಲದ ಅರ್ಧ ಕಥೆ ಅವಳಲ್ಲಿದೆ. ಅದನ್ನು ಈವರೆಗೆ ಯಾರೂ ಅವಳಿಂದ ಕೇಳಿಲ್ಲ. ಅವಳ ಮಾತಿನಿಂದ ಶುರುವಾಗುವ ಅಪ್ಪನ ಚರಿತ್ರೆ ಪದಕದಿಂದ ಶುರುವಾಗುವ ಚರಿತ್ರೆಗಿಂತ ಹೆಚ್ಚು ನಿಜವಾಗಿರುತ್ತದೆ ಎಂಬ ನಂಬಿಕೆ ನನಗಿದೆ.